ತಂತಿ ಇದ್ದವರ ತೇಪೆ

ಬಸವಕಲ್ಯಾಣ
೧೧-೨-೨೦೦೯, ಬುಧವಾರ

ಪ್ರೀತಿಯ ಉಮಾಗೆ,

ಮೊದಲು ಚಂದಮ್ಮ ಅತ್ತಿಯವರ ಕಾಲಿನ ಸುದ್ದಿ ಬರೆ. ಪಟ್ಟಿ ಬಿಚ್ಚಿದರೇ? ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟರೇ? ಅವರ ಆರೈಕೆಗೆ ನೀನು ಹುಮನಾಬಾದಿಗೆ ಹೋಗಿ ಎರಡು ತಿಂಗಳಾಯಿತು. ನಿನ್ನ ಸೊಂಟನೋವು ಹೇಗಿದೆ? ನಾನು ಆರಾಮ. ನಾನೇ ಮಾಡಿದ ಬ್ಯಾಳಿ ಉಂಡು ನನ್ನನ್ನು ನಾನೇ ಬೈದುಕೊಳ್ಳುತ್ತೇನೆ, ಬೈಸಿಕೊಳ್ಳಲು ಬೇರೆ ಯಾರೂ ಇಲ್ಲವಲ್ಲ. ಫೋನ್ ಮಾಡಿದರೆ ಬಾಜುವಿಗೇ ನಿನ್ನ ತಮ್ಮ ಅನೀಲಕುಮಾರ ನಿಂತಿರುತ್ತಾನೆ. ಅದಕ್ಕೇ ಕಾಗದ.

ಅವನು ಮಹಾರುದ್ರಪ್ಪನ ಕೈಯಲ್ಲಿ ಕಳಿಸಿದ ಪೆನ್ ಡ್ರೈವ್ ಮುಟ್ಟಿತು. ಅರ್ಧ ಹೊಲಿದ ಜಂಪರು ಬಿಟ್ಟು ಎದ್ದು ಟೀವಿಯ ಗೇಮ್ ಮಶೀನ್‌ಗೆ ಹಚ್ಚಿದೆ. ಮಧ್ಯಾಹ್ನ ಅಂಗಡಿಗೆ ಗಿರಾಕಿ ಬರದ ಹೊತ್ತಿನಲ್ಲಿ ನಾವಿಬ್ಬರೂ ಸರದಿಯ ಮೇಲೆ ಓಡಿಸಿ ಇಪ್ಪತ್ತಾರು ರೇಸ್ ಗೆದ್ದ ಆಟದ ಕೆಂಪು ಕಾರು ಅದರೊಳಗಿತ್ತು. ತವರಿನಲ್ಲಿ ಬೇಸರವಾದರೆ ಅನೀಲನ ಮಶೀನ್‌ನಲ್ಲಿ ಆಡಲಿ ಎಂದು ಅದರ ನಕಲು ತುಂಬಿಕೊಟ್ಟ ಶಾಣ್ಯಾ ನಾನೇ. ಈಗ ನೀವು ಅಕ್ಕ-ತಮ್ಮ ಕೂಡಿ ನಲವತ್ತಕ್ಕೆ ಮುಟ್ಟಿಸಿದ್ದೀರಂತೆ. ನೋಡೋಣ ಅಂದರೆ ಟೀವಿಯ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಬಂತು. ಕಂಪ್ಯೂಟರ್ ಕ್ಲಾಸಿಗೆ ಹೋಗುವ ರೂಪಾಲಿಯನ್ನು ಕರೆದು ಓದಿಸಿದೆ. ಪೆನ್ ಡ್ರೈವಿನಲ್ಲಿ ಇದ್ದದ್ದು ಹೊಸ ಆವೃತ್ತಿಯ ಆಟ, ನಮ್ಮ ಮಶೀನಿನದು ಹಳೆಯದು, ತೆರೆಯಲು ಬರುವುದಿಲ್ಲ ಎಂದಿತ್ತಂತೆ. ನನ್ನ ಹೆಂಡತಿ ಗೆದ್ದ ಕಾರು ನನ್ನ ಮನೆಗೆ ಬಂದು ನನಗೇ ಮುಖ ತೋರಿಸಲಿಲ್ಲ ನೋಡು.

ಫೋನ್ ಹಚ್ಚಿ ಅನೀಲನನ್ನು ಕೇಳಿದೆ. ಕಂಪನಿಯವರು ಆಟದ ತಪ್ಪು ತಿದ್ದಿ ಇಂಟರ್‌ನೆಟ್ಟಿನಲ್ಲಿ ಪ್ಯಾಚ್ ಬಿಡುತ್ತಾರೆ, ಹುಮನಾಬಾದಿನ ಮಶೀನ್ ತಾನೇ ಇಳಿಸಿಕೊಂಡಿತು ಎಂದ. ತೇಪೆ ಅನ್ನಪ್ಪಾ, ನಾನು ದರ್ಜಿ, ತಿಳಿಯುತ್ತದೆ ಎಂದೆ. ನಾನು ತಪ್ಪು ಹೊಲಿದರೆ ಗಿರಾಕಿಯನ್ನು ಕರೆದು ಬಿಚ್ಚಿ ಹೊಲಿದು ಕೊಡುತ್ತೇನೆ. ಇವರು ಹರಿದದ್ದನ್ನೇ ಎಲ್ಲರಿಗೂ ಮಾರಿ, ತೇಪೆಯನ್ನು ಮಾತ್ರ ಇಂಟರ್‌ನೆಟ್ಟಿನ ತಂತಿ ಇದ್ದವರಿಗೆ ಕಳಿಸುತ್ತಾರೆ. ನಮ್ಮ ಓಣಿಗೆ ಆ ತಂತಿ ಇನ್ನೂ ಬಂದಿಲ್ಲ. ಹಾಗಾದರೆ ತೇಪೆಯನ್ನೂ ಪೆನ್ ಡ್ರೈವಿನಲ್ಲಿ ತುಂಬಿ ಕಳಿಸು ಎಂದೆ. ಅವನು ನಕ್ಕ. “ಅದು ಹಂಗ ಬರಂಗಿಲ್ರಿ ಮಾವಾ, ಮಶೀನೇ ಇಲ್ಲಿಗಿ ಬರ್ಬೇಕ್ರಿ” ಎಂದ.

ಅದನ್ನೂ ನುಂಗಿಕೊಂಡೆ. ಆದರೆ ಆಮೇಲೆ ನೀನು ಫೋನ್ ಇಸಿದುಕೊಂಡು ಹೇಳಿದೆಯಲ್ಲ, “ಇಲ್ಲಿ ಗಾಡಿ ಸೇತುವಿ ಗ್ವಾಡಿಗಿ ಸಿಗಾಕೊಳ್ಳಂಗಿಲ್ರಿ, ಭಾಳ ಛಂದ ಓಡಾಕತ್ತದ” ಅಂತ, ಆಗ ಹೊಟ್ಟೆ ಉರಿಯಿತು. ನಮ್ಮಲ್ಲಿ ಗಾಡಿ ಆ ಗೋಡೆಗೆ ಸಿಕ್ಕಿಕೊಂಡಾಗಲೆಲ್ಲ ನೀನು ನನ್ನ ತೋಳಿಗೆ ಗುದ್ದಿ ನಗುತ್ತಿದ್ದೆ. ತೇಪೆ ಬಿದ್ದ ಮೇಲೆ ಹುಮನಾಬಾದಿನಲ್ಲಿ ನಿನಗೆ ಯಾರ ತೋಳಿಗೂ ಗುದ್ದುವ ಕಾರಣವೇ ಉಳಿದಿಲ್ಲ. ಅಷ್ಟು ಮಾತ್ರ ಸಮಾಧಾನ. ಐವತ್ತು ವರ್ಷದ ಗಂಡಸು ಭಾವಮೈದುನನ ಮೇಲೆ ಹೀಗೆ ಉರಿದುಕೊಳ್ಳುವುದು ಚೆಂದವಲ್ಲ, ಗೊತ್ತು. ಮುನ್ನಿ ಬೀಯ ಮುಂದೆ ಹೇಳಿದರೆ ಆಕೆ ಹೊಲಿಯಲು ಕೊಟ್ಟ ಬಟ್ಟೆ ಮರೆತು ನಗುತ್ತಾ ಕುಳಿತಳು.

ಅತ್ತಿಯವರಿಗೆ ನಮಸ್ಕಾರ. ನಿನಗೆ ಪೂರ್ತಿ ಪ್ರೀತಿ, ಅನೀಲನಿಗೆ ಅರ್ಧ ಆಶೀರ್ವಾದ.

ನಿನ್ನ
ದೇವಿಂದ್ರಪ್ಪ

ತಾ.ಕ.: ಭಾನುವಾರ ಮುಂಜಾನೆಯ ಬಸ್ಸಿಗೆ ಮಶೀನ್ ಹೊತ್ತುಕೊಂಡು ಬರುತ್ತಿದ್ದೇನೆ. ಅತ್ತಿಯವರನ್ನು ನೋಡಲು ಬಂದರು ಎಂದು ಎಲ್ಲರಿಗೂ ಹೇಳು. ಅಷ್ಟರೊಳಗೆ ಅನೀಲ ಇನ್ನೊಂದು ತೇಪೆ ಇಳಿಸಿದರೆ ಇಳಿಸಲಿ. ಆದರೆ ನಲವತ್ತೊಂದನೆಯ ರೇಸ್ ಮಾತ್ರ ಅವನ ಕೂಡ ಆಡಬೇಡ.