ಚಿಕ್ಕ ಗುಂಡಿನ ಬಂದೂಕು

ಉತ್ತರ ಮಿಶಿಗನ್, ನವೆಂಬರ್ ೧೨

ಸಾಮಿಲ್ಲಿನ ವಿಮಾ ಅಧಿಕಾರಿಯವರಿಗೆ,

ಮಿಲ್ಲಿನ ಕೆಲಸದಲ್ಲಿ ಪೆಟ್ಟಾದ ನನ್ನ ಭುಜಕ್ಕೆ ಆಪರೇಷನ್ ಮಾಡಿಸುತ್ತೇವೆ ಎಂದಿರಿ, ಮಾಡಿಸಲಿಲ್ಲ. ಹಗುರ ಕೆಲಸ ಕೊಡುತ್ತೇವೆ ಎಂದಿರಿ, ಮತ್ತೆ ದಿಮ್ಮಿ ಹೊರಳಿಸುವುದಕ್ಕೇ ನಿಲ್ಲಿಸಿದಿರಿ. ಈಗ ನಾನು ಬಂದೂಕಿನ ಅಂಗಡಿಯಿಂದ ಹೊರಬರುವ ಫೋಟೊ ತೆಗೆಸಿ, ಜಿಂಕೆ ಬೇಟೆಗೆ ಹೋಗುವವಳ ಭುಜಕ್ಕೆ ಏನಾಗಿದೆ ಎಂದು ಕೇಳಿದ್ದೀರಿ.

ಏನು ಕೊಂಡೆ ಎಂದು ಮಾತ್ರ ಕೇಳಲಿಲ್ಲ. ನಾನೇ ಹೇಳುತ್ತೇನೆ.

ಮೂವತ್ತು ವರ್ಷ ಅಪ್ಪನ ಥರ್ಟಿ-ಆಟ್-ಸಿಕ್ಸ್ ಬಂದೂಕು ಹಿಡಿದು ಬೇಟೆಯಾಡಿದವಳು ನಾನು. ದೊಡ್ಡ ಗುಂಡು, ಹಾರಿಸಿದಾಗ ಭುಜಕ್ಕೆ ಜೋರಾಗಿ ಒದೆಯುತ್ತದೆ. ಅದನ್ನು ಅಂಗಡಿಗೆ ಕೊಟ್ಟು, ಒದೆತ ಕಡಿಮೆಯಿರುವ ಟೂ-ಫಾರ್ಟಿ-ತ್ರೀ ತಂದೆ. ನಮ್ಮಲ್ಲಿ ಮೊದಲ ಬೇಟೆಗೆ ಹೊರಟ ಮಕ್ಕಳಿಗೆ ಕೊಡಿಸುವ ಬಂದೂಕು ಅದು.

"ಏನಕ್ಕಾ, ಮೊಮ್ಮಗಳಿಗಾ?" ಎಂದ ಅಂಗಡಿಯ ರಾಯ್ಸ್.

"ನಂಗೇ ಕಣೋ."

"ತಮಾಷೆ ಬಿಡಕ್ಕಾ. ದೊಡ್ಡ ಗಂಡುಜಿಂಕೆ ಬಂದ್ರೆ ಇದು ಸಾಕಾಗತ್ತಾ?"

"ಹತ್ರ ಹೋಗಿ ಸರಿಯಾಗಿ ಹೊಡೆದ್ರೆ ಜಿಂಕೆಗೆ ಸಾಕು. ನನ್ ಭುಜಕ್ಕೆ ಇದೇ ಜಾಸ್ತಿ."

ಅವನು ರಸೀದಿ ಬರೆದು ಮುಂದಿಟ್ಟ. ನನಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಎಡಗೈಯಲ್ಲಿ ಸಹಿ ಹಾಕಿ ಮನೆಗೆ ಬಂದೆ.

ನನ್ನ ಪರಿಹಾರದ ವಿಚಾರಣೆಗೆ ರಾಯ್ಸ್ ಬಂದು ಇದನ್ನೇ ಹೇಳುತ್ತಾನೆ. ವಿಚಾರಣೆ ನಡೆಸುವವರು ಇದೇ ಕಾಡಿನಲ್ಲಿ ಬೇಟೆಯಾಡುವವರು. ಯಾರು ಯಾವ ಬಂದೂಕನ್ನು ಯಾಕೆ ಬಿಟ್ಟುಕೊಡುತ್ತಾರೆಂದು ಅವರಿಗೆ ಬಿಡಿಸಿ ಹೇಳಬೇಕಿಲ್ಲ. ನನ್ನನ್ನು ಮುಟ್ಟಿಯೂ ನೋಡದೆ 'ಆರೋಗ್ಯವಾಗಿದ್ದಾಳೆ' ಎಂದು ಬರೆದ ನಿಮ್ಮ ಡಾಕ್ಟರನ್ನು ಕರೆತನ್ನಿ. ಡಿಸೆಂಬರ್ ಎರಡು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ.

ಇರ್ಮಾ ಲಾಹ್ತಿ
ದಿಮ್ಮಿ ವಿಭಾಗ