ಅಳಿಸಿಹೋದ ಕೂದಲೆಳೆ

೯-೧೧-೧೯೮೩, ಬುಧವಾರ. ಶಲವಡಿ

ಹೊಳೆಪ್ಪ ಮಾಸ್ತರರು ನಲವತ್ತು ವರ್ಷ ಜೋಪಾನ ಮಾಡಿದ್ದ ಗ್ರೀಕ್ ಬೆಳ್ಳಿ ನಾಣ್ಯವನ್ನು ನಾನೇ ಕೆಡಿಸಿದೆ. ಅದರ ಮೇಲಿನ ದೇವಿಯ ಕೂದಲನ್ನು ಎಳೆಎಳೆಯಾಗಿ ಕೆತ್ತಿದವನು ರಾಜನಲ್ಲ, ಹೆಸರಿಲ್ಲದ ಒಬ್ಬ ಕೆಲಸಗಾರ. ಅದನ್ನು ನಾಳೆ ಕೂಲಿಕಾರರ ಸಭೆಯಲ್ಲಿ ತೋರಿಸಲು ಬೇಡಿ ತಂದಿದ್ದೆ. ಕಪ್ಪಾಗಿತ್ತೆಂದು ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ತಂಬಿಗೆ ತಿಕ್ಕುವಂತೆ ತಿಕ್ಕಿದೆ. ಬೆಳ್ಳಿ ಹೊಳೆಯಿತು, ಕೂದಲು ಅಳಿಸಿಹೋಯಿತು.

ಸಂಜೆ ಒಯ್ದು ಕೊಟ್ಟೆ. ಮಾಸ್ತರರು ಕಂದೀಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಭಾಳ ಸ್ವಚ್ಛ ಮಾಡೀಯಲ್ಲೋ ತಮ್ಮಾ.”

“ಬೈರಿ ಸರ್,” ಅಂದೆ.

“ಬೈದ್ರ ಕೂದ್ಲ ಬರೂದಾದ್ರ ನನ್ನ ತಲಿ ಯಾಕ ಬೋಳ ಇರ್ತಿತ್ತಲೇ? ಚಾ ಕುಡಿ.”

ಚಹಾ ಕುಡಿದು ಮನೆಗೆ ಬಂದೆ. ನಾಳೆ ಸಭೆಯಲ್ಲಿ ಆ ಕೆಲಸಗಾರನ ಬಗ್ಗೆ ಮಾತಾಡಬೇಕು. ಅವನ ಕೈಕೆಲಸ ಅಳಿಸಿದವನು ನಾನೇ ಎಂದು ಹೇಳುವ ಧೈರ್ಯ ಬಂದರೆ ಮೊದಲು ಅದನ್ನೇ ಹೇಳುತ್ತೇನೆ.