ಜಾಡಿಯ ಬಾಯಿಗೆ ಕಟ್ಟಿದ್ದ ಬಟ್ಟೆ

ಭಾನುವಾರ, ಬೆಳಗ್ಗೆ ಹತ್ತು ಗಂಟೆ

ಪ್ರೀತಿಯ ಅಮ್ಮನಿಗೆ,

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ನಿನ್ನ ಮಗಳ ನಮಸ್ಕಾರಗಳು. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಲು ಕೈ ತಾನಾಗಿ ಹೊರಟಿತ್ತು, ತಡೆದೆ. ಈಗ ಕ್ಷೇಮವೇನೋ ನಿಜ. ಆದರೆ ಹಿಂದಿನ ಪತ್ರಗಳಲ್ಲಿ ಬರೆದದ್ದೆಲ್ಲ ಬೊಗಳೆ. ನಾನಿದ್ದ ಪರದೆ ಹೊಲಿಯುವ ಕಾರ್ಖಾನೆ ಬಾಗಿಲು ಹಾಕಿ ಐದು ತಿಂಗಳಾಯಿತು. ಮಧ್ಯಾಹ್ನದ ಊಟ ಕ್ಯಾಂಟೀನಿನಲ್ಲೇ ಆಗುತ್ತದೆ ಎಂದದ್ದು, ಅಡುಗೆಮನೆಗೆ ಎಲ್ಲ ಹೊಸದು ಕೊಂಡೆ ಎಂದದ್ದು, ಎರಡೂ ಸುಳ್ಳು. ಮನೆಯಲ್ಲೇ ಕೂತು ಜನರ ಪ್ಯಾಂಟಿನ ಅಂಚು ಮಡಿಚಿ ಹೊಲಿಯುತ್ತೇನೆ. ಬೈಯುವುದಿದ್ದರೆ ಪತ್ರ ಪೂರ್ತಿ ಓದಿ ಆಮೇಲೆ ಬೈಯಿ.

ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಹಲಗೆ ಇದೆ. ಬೇಡವಾದದ್ದನ್ನು ಜನ ಅಲ್ಲಿ ಇಡುತ್ತಾರೆ, ಜೊತೆಗೊಂದು ಚೀಟಿ. 'ಹಿಡಿ ಇಲ್ಲ, ಬೇರೆಲ್ಲ ಸರಿಯಿದೆ.' 'ಮುಚ್ಚಳ ಬೇರೆಯದು, ಆದರೂ ಕೂರುತ್ತದೆ.' ಇಟ್ಟವರು ಯಾರು ಒಯ್ದರೆಂದು ಕೇಳುವುದಿಲ್ಲ, ಒಯ್ದವರು ಯಾರದೆಂದು ಕೇಳುವುದಿಲ್ಲ. ಮೊದಲ ಸಲ ನಾನು ಒಂದು ಕುಕ್ಕರನ್ನು ಶಾಲಿನೊಳಗೆ ಮುಚ್ಚಿಕೊಂಡು ಕಳ್ಳಿಯ ಹಾಗೆ ಮೇಲೆ ಓಡಿದ್ದೆ. ಈಗ ನನ್ನ ಅಡುಗೆಮನೆಯಲ್ಲಿ ನಾನು ಕೊಂಡ ವಸ್ತು ಅಂದರೆ ಬೆಂಕಿಪೊಟ್ಟಣ ಮಾತ್ರ. ಓವನ್ನಿನ ಬಾಗಿಲು ನಿಲ್ಲುವುದಿಲ್ಲ, ಕುರ್ಚಿ ಆನಿಸಿಡಬೇಕು. ಹಣ್ಣಿನಂಗಡಿಯವನು ಪೆಟ್ಟು ತಿಂದ ಹಣ್ಣುಗಳನ್ನು ಸಂಜೆ ಸುಮ್ಮನೆ ಕೊಡುತ್ತಾನೆ, ಕೆಟ್ಟದ್ದನ್ನು ಕತ್ತರಿಸಿ ಜಾಮ್ ಕಾಯಿಸುತ್ತೇನೆ. ಮೊಸರು ಮನೆಯದೇ, ಕಾಳಿನ ಸಾರು ಮನೆಯದೇ. ನಗಬೇಡ.

ಈಗ ನಾನು ಮಾಡಿದ ಘನಕಾರ್ಯ ಕೇಳು. ಹತ್ತು ದಿನದ ಹಿಂದೆ ಹಲಗೆಯ ಮೇಲೆ ಒಂದು ದಪ್ಪ ಗಾಜಿನ ಜಾಡಿ ಕಂಡಿತು. ಬಾಯಿಗೆ ಬಟ್ಟೆ ಕಟ್ಟಿತ್ತು, ಚೀಟಿ ಇರಲಿಲ್ಲ. ಜಾಮಿಗೆ ಹೇಳಿ ಮಾಡಿಸಿದ ಹಾಗಿತ್ತು. ಮೇಲೆ ತಂದು ಬಿಚ್ಚಿದರೆ ಒಳಗೆ ಬೂದು ಬಣ್ಣದ ಹಿಟ್ಟು, ಹುಳಿ ವಾಸನೆ. ಯಾರೋ ಹಳಸಿದ್ದನ್ನು ತೊಳೆಯಲು ಬೇಸರವಾಗಿ ಹಾಗೇ ಇಟ್ಟುಹೋಗಿದ್ದಾರೆ ಎಂದುಕೊಂಡೆ. ಹಿಂದುಮುಂದು ನೋಡದೆ ಸಿಂಕಿಗೆ ಸುರಿದೆ, ಕುದಿಯುವ ನೀರು ಹಾಕಿ ಜಾಡಿಯನ್ನು ಗಸಗಸ ಉಜ್ಜಿದೆ. ಬಟ್ಟೆಯನ್ನೂ ಕಸಕ್ಕೆ ಹಾಕಲು ಕೈ ಎತ್ತಿದ್ದೆ. ಹಿಟ್ಟು ಮೆತ್ತಿ ಒಣಗಿ ಹಪ್ಪಳದ ಹಾಗೆ ಗಡುಸಾಗಿತ್ತು. ಎತ್ತಿದ ಕೈ ನಿಂತಿತು. ಒಗೆದರೆ ಒರೆಸಲು ಆಗುತ್ತದಲ್ಲ ಎಂದು ದಾರ, ಗುಂಡಿ ಹಾಕುವ ಡ್ರಾಯರಿಗೆ ತುರುಕಿದೆ. ಅದು ನನ್ನ ಕೈಯಲ್ಲಮ್ಮ, ನಿನ್ನದು.

ಮರುದಿನ ಹಲಗೆಯ ಮೇಲೆ ನಡುಗುವ ಅಕ್ಷರದ ಚೀಟಿ ಇತ್ತು. 'ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಜಾಡಿ ಇಲ್ಲಿಟ್ಟು ಮರೆತೆ. ಜಾಡಿ ಬೇಕಿದ್ದರೆ ಇಟ್ಟುಕೊಳ್ಳಿ. ಒಳಗಿರುವುದನ್ನು ಮಾತ್ರ ದಯವಿಟ್ಟು ಕೊಡಿ.' ಕೆಳಗೆ ಮನೆಯ ನಂಬರು.

ಆ ಮನೆಯಲ್ಲಿರುವುದು ಒಬ್ಬರೇ ಅಜ್ಜಿ, ಎಲ್ಲರೂ ಬ್ರೆಡ್ಡಜ್ಜಿ ಎನ್ನುತ್ತಾರೆ. ಗಂಡ ಹೆಂಡತಿ ಇಬ್ಬರೂ ಸೇರಿ ಮುಂದಿನ ಬೀದಿಯಲ್ಲಿ ಬ್ರೆಡ್ಡಿನ ಅಂಗಡಿ ನಡೆಸುತ್ತಿದ್ದರಂತೆ. ಒಯ್ದವರನ್ನು ಕೇಳುವಂತಿಲ್ಲ ಎಂಬುದು ಹಲಗೆಯ ರೂಢಿ, ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿಜ ಹೇಳುತ್ತೇನೆ, ಒಂದು ದಿನ ಸುಮ್ಮನಿದ್ದೆ. ಎರಡನೆಯ ದಿನ ಖಾಲಿ ಜಾಡಿ ಹಿಡಿದು ಬಾಗಿಲು ತಟ್ಟಿದೆ.

ಅಜ್ಜಿ ಫಳಫಳ ಹೊಳೆಯುವ ಜಾಡಿ ನೋಡಿದರು, ನನ್ನ ಮುಖ ನೋಡಿದರು, ಕುರ್ಚಿ ಹಿಡಿದು ಕೂತರು. ಆಮೇಲೆ ನಿಧಾನವಾಗಿ ಹೇಳಿದರು. ಮೊಸರಿಗೆ ಹೆಪ್ಪು ಇರುವ ಹಾಗೆ ಅದು ಬ್ರೆಡ್ಡಿನ ಹೆಪ್ಪಂತೆ. ಮದುವೆಯಾದ ವರ್ಷ ಅವರ ಯಜಮಾನರು ಹಿಟ್ಟು ನೀರು ಕಲಸಿ ಇಟ್ಟದ್ದು. ಸ್ವಲ್ಪ ತೆಗೆಯುವುದು, ಸ್ವಲ್ಪ ಹಿಟ್ಟು ಸೇರಿಸುವುದು, ಹೀಗೆ ನಲವತ್ತೆರಡು ವರ್ಷ. ಅವರು ಹೋಗಿ ಆರು ವರ್ಷವಾಯಿತಂತೆ, ಅವರ ಕೈಯ ಕೆಲಸದಲ್ಲಿ ಉಳಿದದ್ದು ಅದೊಂದೇ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಬೈದಿದ್ದರೆ ಹಗುರಾಗುತ್ತಿದ್ದೆ, ಅವರು ಬೈಯಲಿಲ್ಲ. ಒಂದೇ ಒಂದು ಮಾತು ಕೇಳಿದರು.

"ಮೇಲೆ ಕಟ್ಟಿದ್ದ ಬಟ್ಟೆನೂ ಒಗೆದುಬಿಟ್ಯೇನಮ್ಮ?"

ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಬಟ್ಟೆ ಡ್ರಾಯರಿನಲ್ಲಿ ಹಾಗೇ ಇತ್ತು, ತಂದುಕೊಟ್ಟೆ. ಅಜ್ಜಿ ಅದನ್ನು ತಟ್ಟೆಯ ಮೇಲೆ ಹಿಡಿದು ಚಮಚದ ಅಂಚಿನಿಂದ ಕೆರೆದರು. ಅರ್ಧ ಚಮಚ ಚೂರು ಸಿಕ್ಕಿತು. ಬೆಚ್ಚಗಿನ ನೀರಲ್ಲಿ ನೆನೆಸಿ ಒಂದು ಹಿಡಿ ಹಿಟ್ಟು ಕಲಸಿದರು. ಅವರ ಮನೆಗೆ ಬಿಸಿಲು ಬರುವುದಿಲ್ಲ, ಅದಕ್ಕೆ ಜಾಡಿ ನನ್ನ ಕಿಟಕಿಗೆ ಬಂತು.

ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಮೇಲೆ ನೀರು ನಿಂತಿತು, ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅಜ್ಜಿ ಮಂಡಿ ನೋವಿನಲ್ಲೇ ದಿನಕ್ಕೆರಡು ಸಲ ಹತ್ತಿ ಬಂದು, ಹಿಟ್ಟು ಬದಲಿಸಿ ಇಳಿದು ಹೋಗುತ್ತಿದ್ದರು. ಮೂರನೆಯ ದಿನವೂ ಇಲ್ಲ. ನಾಲ್ಕನೆಯ ಬೆಳಗ್ಗೆ ಹಲ್ಲುಜ್ಜುತ್ತಾ ಹೋಗಿ ನೋಡುತ್ತೇನೆ, ಗಾಜಿಗೆ ಅಂಟಿ ಒಂದು ಗುಳ್ಳೆ. ಸಾಸಿವೆಯಷ್ಟು. ನೋಡುತ್ತಿದ್ದ ಹಾಗೆ ಪಕ್ಕದಲ್ಲಿ ಇನ್ನೊಂದು ಎದ್ದಿತು. ಬ್ರಷ್ಷು ಬಾಯಲ್ಲೇ ಇತ್ತು, ಉಗುಳುವುದನ್ನೂ ಮರೆತು ನಿಂತೆ. ನಾನು ಕುದಿನೀರು ಸುರಿದು ಸಾಯಿಸಿದೆನೆಂದುಕೊಂಡದ್ದು, ಒಣಗಿದ ಬಟ್ಟೆಯಲ್ಲಿ ತೆಪ್ಪಗೆ ಕೂತಿದ್ದು, ಹಿಟ್ಟು ನೀರು ಕೊಟ್ಟರೆ ಮತ್ತೆ ಉಸಿರಾಡುತ್ತಿದೆ. ಮಧ್ಯಾಹ್ನದ ಹೊತ್ತಿಗೆ ಉಬ್ಬಿ ಜಾಡಿಯ ಕತ್ತು ಮುಟ್ಟಿತು. ಮೈ ಜುಮ್ಮೆಂದಿತು ಅಮ್ಮ. ಇಷ್ಟು ವರ್ಷ ತಿಂದ ಬ್ರೆಡ್ಡಿನಲ್ಲಿ ತೂತು ನೋಡಿದ್ದೆ, ಅದು ಯಾರದೋ ಉಸಿರು ಎಂದು ತಿಳಿದಿರಲಿಲ್ಲ. ಅಜ್ಜಿ ಬಂದು ಜಾಡಿಗೆ ಕೆನ್ನೆ ಒತ್ತಿದರು.

ನಿನ್ನೆ ಅದೇ ಹೆಪ್ಪಿನಿಂದ ಬ್ರೆಡ್ ಸುಟ್ಟೆವು. ಬಾಗಿಲು ಬೀಳದಿರಲೆಂದು ಓವನ್ನಿಗೆ ಆನಿಸಿದ ಕುರ್ಚಿಯ ಮೇಲೆ ಅಜ್ಜಿಯೇ ಕೂತರು. ಒಂದು ಪಕ್ಕ ಸೀದು ಹೋಯಿತು. ಉಳಿದದ್ದಕ್ಕೆ ನನ್ನ ಜಾಮು ಸವರಿಕೊಂಡು ತಿನ್ನುತ್ತಿದ್ದಾಗ ಅಜ್ಜಿ ಕೇಳಿದರು, ಗಲೀಜು ಬಟ್ಟೆಯನ್ನು ಎತ್ತಿಡುವ ಬುದ್ಧಿ ಈ ಕಾಲದವರಿಗೆ ಹೇಗೆ ಬಂತು ಎಂದು. ನಮ್ಮಮ್ಮ ಕಲಿಸಿದ್ದು ಅಂದೆ. ಅಂದವಳೇ ಅಳತೊಡಗಿದೆ.

ಯಾಕೆಂದು ನಿನಗೆ ಗೊತ್ತು. ಊರು ಬಿಡುವ ದಿನ ನೀನು ಕೆಲಸಕ್ಕೆ ಹೋಗುತ್ತಿದ್ದ ಮನೆಯವರು ಕೊಟ್ಟ ಪಾತ್ರೆಗಳನ್ನು ಉಜ್ಜಿ, ನನ್ನ ಚೀಲಕ್ಕೆ ಹಾಕಲು ಬಂದೆ. ಕಂಡವರ ಮನೆಯ ಹಳೇ ಪಾತ್ರೆಯಲ್ಲಿ ಬೇಯಿಸಿ ತಿನ್ನುವ ಹಣೆಬರಹ ನಿನಗಿರಲಿ, ನನಗೆ ಬೇಡ ಅಂದೆ ನಾನು. ನೀನು ಒಂದೊಂದನ್ನೇ ಹೊರಗೆ ತೆಗೆದಿಟ್ಟೆ. ಆ ಸದ್ದು ಇನ್ನೂ ಕಿವಿಯಲ್ಲಿದೆ. ಆ ಮಾತು ತಪ್ಪು. ಆ ಹಳೇ ಪಾತ್ರೆಗಳಲ್ಲಿ ನೀನು ನಮ್ಮನ್ನು ಒಂದು ದಿನವೂ ಉಪವಾಸ ಮಲಗಿಸಲಿಲ್ಲ. ಅದು ಎಂಥ ವಿದ್ಯೆ ಎಂದು ಈಗ ತಿಳಿಯುತ್ತಿದೆ. ನನ್ನನ್ನು ಕ್ಷಮಿಸು.

ಪತ್ರದೊಳಗೆ ಮಡಿಚಿದ ಕಾಗದದಲ್ಲಿ ಒಂದು ಚಿಟಿಕೆ ಒಣಚೂರು ಇದೆ, ಅಜ್ಜಿಯೇ ಕೊಟ್ಟದ್ದು. ಹಳಸಿದ್ದೆಂದು ಬಿಸಾಡಬೇಡ. ಬೆಚ್ಚಗಿನ ನೀರು, ಹಿಡಿ ಹಿಟ್ಟು, ಬಿಸಿಲಿರುವ ಕಿಟಕಿ. ನಾಲ್ಕು ದಿನ ತಾಳ್ಮೆ ಇರಲಿ. ಗುಳ್ಳೆ ಬಂದರೆ ನನಗೆ ಬರೆ. ಬರೆಯುವ ಬದಲು ನೀನೇ ಬಂದರೆ ಇನ್ನೂ ಒಳ್ಳೆಯದು, ಕುರ್ಚಿಯ ಮೇಲೆ ಕೂರಲು ಅಜ್ಜಿಗೊಬ್ಬರು ಜೊತೆ ಬೇಕು.

ಇಂತಿ,
ನಿನ್ನ ಕೈಯನ್ನೇ ಹೊತ್ತು ತಿರುಗುತ್ತಿರುವ
ಮಗಳು

ಮರೆತಿದ್ದೆ: ಆರನೆಯ ತರಗತಿಯಲ್ಲಿ ನನ್ನ ಊಟದ ಡಬ್ಬಿ ಕಳೆದದ್ದು, ನೀನು ಶಾಲೆಗೆ ಬಂದು ಮೂರು ದಿನ ಬೆಂಚುಗಳ ಕೆಳಗೆ ಬಗ್ಗಿ ಹುಡುಕಿದ್ದು ನೆನಪಿದೆಯೇ? ಅದು ಕಳೆದಿರಲಿಲ್ಲ ಅಮ್ಮ. ಮುಚ್ಚಳದ ಮೇಲೆ ಬೇರೆ ಯಾರದೋ ಹೆಸರು ಕೆತ್ತಿತ್ತು, ಗೆಳತಿಯರು ಓದಿ ನಕ್ಕರು, ನಾನೇ ಕಾಲುವೆಗೆ ಎಸೆದೆ. ಮೊನ್ನೆ ಹಲಗೆಯ ಮೇಲೆ ಅಂಥದೇ ಒಂದು ಡಬ್ಬಿ ಸಿಕ್ಕಿತು, ಇದಕ್ಕೂ ಯಾರದೋ ಹೆಸರಿದೆ. ನಿನಗೆಂದು ಎತ್ತಿಟ್ಟಿದ್ದೇನೆ. ನೀನು ವಾಪಸು ಹೋಗುವ ದಿನ ಅದರಲ್ಲಿ ಬುತ್ತಿ ಕಟ್ಟಿಕೊಡುತ್ತೇನೆ.